ಜಿಮ್ ಆದ್ಮೇಲೆ ಏನ್ ತಿಂತೀಯ? ಇದೇ ಕೊನೇ ಸಲ ಹೇಳ್ತಿರೋದು

ಮೊಟ್ಟೆ. ಆಯ್ತಾ? ಎರಡು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು, ಅದರ ಜೊತೆ ಅವತ್ತು ಮನೇಲಿ ಏನ್ ತಿಂಡಿ ಮಾಡಿದಾರೋ ಅದು, ಉಪ್ಪಿಟ್ಟಾದ್ರೆ ಉಪ್ಪಿಟ್ಟು ಚಿತ್ರಾನ್ನ ಆದ್ರೆ ಚಿತ್ರಾನ್ನ. ಇಷ್ಟು ಸಾಕು ಅನ್ನೋರು ಇಲ್ಲೇ ಎದ್ದು ಕಾಫಿ ಕುಡಿಯೋಕ್ಕೆ ಹೋಗಬಹುದು, ಮುಂದೆ ಇರೋದು ಬರೀ ನನ್ನ ಗೊಣಗಾಟ.

ನಾನು ಹನುಮಂತನಗರದಲ್ಲಿ ಒಂದು ಮೆಡಿಕಲ್ ಸ್ಟೋರ್ ಮೇಲಿರೋ ಜಿಮ್ಮಿಗೆ ಆರು ವರ್ಷದಿಂದ ಹೋಗ್ತಿದೀನಿ, ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಐದೂಮುಕ್ಕಾಲಿಗೆ. ವಯಸ್ಸು 44. ಈ ಆರು ವರ್ಷದಲ್ಲಿ ಈ ಪ್ರಶ್ನೆ ಕೇಳದೇ ಇರೋದು ನಮ್ಮನೆ ನಾಯಿ ಒಂದೇ, ಅದಕ್ಕೆ ಉತ್ತರ ಮೊದಲೇ ಗೊತ್ತು, ನಾನು ಮೊಟ್ಟೆ ಸುಲಿಯೋವಾಗ ಕಾಲ ಹತ್ರಾನೇ ಕೂತಿರುತ್ತೆ.

ಪ್ರಶ್ನೆ ಕೇಳೋದಕ್ಕೆ ನನಗೆ ಬೇಜಾರಿಲ್ಲ, ಕೇಳೋ ರೀತಿ ಇದೆಯಲ್ಲ ಅದಕ್ಕೆ. "ಜಿಮ್ ಮುಗಿಸಿ ಏನ್ ತಿಂದ್ರೆ ಸಣ್ಣ ಆಗ್ತಾರೆ?" ತಿಂದು ಸಣ್ಣ ಆದೋರನ್ನ ನಾನಂತೂ ಇವತ್ತಿನವರೆಗೂ ನೋಡಿಲ್ಲ ಸ್ವಾಮಿ. ಮೊನ್ನೆ ನಾಗರಬಾವಿಲಿ ಒಂದು ಗೃಹಪ್ರವೇಶ, ಎಲೆ ಮುಂದೆ ಕೂತಿದೀನಿ, ಎರಡನೇ ಒಬ್ಬಟ್ಟಿನ ಮೇಲೆ ತುಪ್ಪ ಬೀಳ್ತಿದೆ, ಪಕ್ಕದಲ್ಲಿ ಚಿಕ್ಕಮ್ಮ ಇಡೀ ಪಂಕ್ತಿಗೆ ಕೇಳೋ ಹಾಗೆ "ಅಲ್ಲ ಕಣೇ, ಜಿಮ್ ಮಾಡ್ತೀಯ, ಮತ್ತೆ ಇದನ್ನೆಲ್ಲ ತಿಂತೀಯಲ್ಲ, ಮನೇಲಿ ಏನ್ ತಿಂತೀಯ ಹೇಳು" ಅಂದ್ರು. ಮುದ್ದೆ, ಬಸ್ಸಾರು, ಮೊಟ್ಟೆ ಅಂದೆ. ಅವರ ಮುಖ ನೋಡ್ಬೇಕಿತ್ತು, ಬಲ್ಬ್ ಹೋದಂಗೆ. ಅವರಿಗೆ ಬೇಕಾಗಿದ್ದದ್ದು ಓಟ್ಸು, ಚಿಯಾ ಬೀಜ, ಖಾಲಿ ಹೊಟ್ಟೆಗೆ ಯಾವುದೋ ಹಸಿರು ಜ್ಯೂಸು, ಒಟ್ಟಿನಲ್ಲಿ ನುಂಗೋಕ್ಕೆ ಕಷ್ಟ ಆಗೋ ಅಂಥದ್ದು. ಜ್ಯೋತಿಷಿ ಹತ್ರ ಹೋಗಿ ಶನಿ ಕಾಟಕ್ಕೆ ಪರಿಹಾರ ಕೇಳ್ತಾರಲ್ಲ, ಅದೇ ಲೆಕ್ಕ. ಒಂಬತ್ತು ಶನಿವಾರ ಎಳ್ಳುಬತ್ತಿ ಹಚ್ಚಮ್ಮ ಅಂದ್ರೆ ನಂಬ್ತಾರೆ, ನಿಮ್ಮನೇ ಊಟಾನೇ ಮಾಡಿ ಅಂದ್ರೆ ಇವಳು ಏನೋ ಬಚ್ಚಿಡ್ತಿದಾಳೆ ಅಂತ.

ಹಂಗೆ ನೋಡಿದ್ರೆ ಬಸವನಗುಡಿ ಕಡೆಯೋರಿಗೆ ಈ ಪ್ರಶ್ನೇನೇ ಇರಬಾರದು. ಲಾಲ್‌ಬಾಗಲ್ಲಿ ಬಂಡೆ ಹತ್ತಿ, ಕೆರೆ ಸುತ್ತಿ, ಗೇಟು ದಾಟಿ ಸೀದಾ ಎಂಟಿಆರ್‌ಗೆ ಹೋಗಿ ಕ್ಯೂ ನಿಲ್ಲೋ ವಾಕಿಂಗ್ ಗ್ಯಾಂಗುಗಳನ್ನ ನಾನು ಚಿಕ್ಕೋಳಿದ್ದಾಗಿಂದ ನೋಡಿದೀನಿ. ಆ ಹೋಟ್ಲು ಶುರುವಾಗಿದ್ದು 1924ರಲ್ಲಿ, ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ, ಅಂದ್ರೆ ವ್ಯಾಯಾಮ ಆದ್ಮೇಲೆ ಏನು ಅನ್ನೋದಕ್ಕೆ ನಮ್ಮೂರು ಅವತ್ತೇ ದೋಸೆ ಅಂತ ಉತ್ತರ ಕೊಟ್ಟಾಗಿದೆ. ಆದ್ರೆ ಲೆಕ್ಕ ಬೇಕು ಅನ್ನೋರಿಗೆ ಹೇಳ್ತೀನಿ, ಓಡಿದ್ರೆ ಒಂದು ಕಿಲೋಮೀಟರಿಗೆ ನಿಮ್ಮ ಒಂದೊಂದು ಕೆಜಿ ತೂಕಕ್ಕೆ ಸುಮಾರು ಒಂದು ಕ್ಯಾಲರಿ ಖರ್ಚಾಗುತ್ತೆ. 62 ಕೆಜಿ ಇರೋ ನಾನು ಮೂರು ಕಿಲೋಮೀಟರ್ ಓಡಿದ್ರೆ 186, ನಡೆದ್ರೆ ಇನ್ನೂ ಕಮ್ಮಿ. ಬೆಣ್ಣೆ ಹಾಕಿರೋ ಮಸಾಲೆ ದೋಸೆ ಅದನ್ನ ಅರ್ಧ ದೋಸೆಯಲ್ಲೇ ವಾಪಸ್ ಕೊಡುತ್ತೆ. ತಿನ್ನಬೇಡಿ ಅಂತಿಲ್ಲ, ಖುಷಿಗೆ ತಿನ್ನಿ, "ವಾಕ್ ಮಾಡಿದೀನಲ್ಲ" ಅಂತ ಸಾಕ್ಷಿ ಹೇಳ್ಕೊಂಡು ತಿನ್ನಬೇಡಿ.

ಇನ್ನು ಅರ್ಧ ಗಂಟೆ ಪುರಾಣ. ನಮ್ಮ ಜಿಮ್ಮಲ್ಲಿ ಒಬ್ಬ ಹುಡುಗ ಇದಾನೆ, ಕೊನೇ ಸೆಟ್ ಮುಗಿತಿದ್ದಂಗೆ ಶೇಕರ್ ಕುಲುಕ್ತಾ ಮೆಟ್ಲು ಇಳಿತಾನೆ, 30 ನಿಮಿಷದ ಒಳಗೆ ಪ್ರೋಟೀನ್ ಹೊಟ್ಟೆಗೆ ಬೀಳಲಿಲ್ಲ ಅಂದ್ರೆ ಮಾಡಿದ್ದೆಲ್ಲ ವೇಸ್ಟ್ ಅಂತೆ. ಒಂದಿನ ರಾಮಕೃಷ್ಣ ಆಶ್ರಮದ ಸಿಗ್ನಲ್ಲಲ್ಲಿ ಬೈಕ್ ಮೇಲೆ ಕೂತು ಹೆಲ್ಮೆಟ್ ಗ್ಲಾಸ್ ಎತ್ತಿ ಗಟಗಟ ಕುಡೀತಿದ್ದ, ಹಸಿರು ಬಿತ್ತು, ಹಿಂದೆ ಬಿಎಂಟಿಸಿ ಬಸ್ಸು ಹಾರ್ನು, ಅರ್ಧ ಪ್ರೋಟೀನು ಪೆಟ್ರೋಲ್ ಟ್ಯಾಂಕ್ ಮೇಲೆ. 2013ರಲ್ಲೇ ಅಮೆರಿಕಾದ ವ್ಯಾಯಾಮ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ಮತ್ತೆ ಅವರ ಜೊತೆಯವರು ಅಲ್ಲಿವರೆಗೆ ಆಗಿದ್ದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಗುಡ್ಡೆ ಹಾಕಿ ನೋಡಿದ್ರು, ಇಡೀ ದಿನದ ಪ್ರೋಟೀನ್ ಲೆಕ್ಕಕ್ಕೆ ತಗೊಂಡ್ರೆ ಈ ಟೈಮಿಂಗಿನ ಲಾಭ ಮಾಯ ಆಗೋಯ್ತು. ತೂಕ ಎತ್ತಿದ ಮೇಲೆ ಸ್ನಾಯು ಕಟ್ಟೋ ಕೆಲಸ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ನಡೀತಾನೇ ಇರುತ್ತೆ, ಮನೆಗೆ ಹೋಗಿ ಸ್ನಾನ ಮಾಡಿ ನಿಧಾನಕ್ಕೆ ತಿನ್ನಬಹುದು. ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಟ್ರೈನಿಂಗ್ ಇರೋರು, ಉದ್ದುದ್ದ ಓಡೋರು ಬೇಗ ಅನ್ನವೋ ಬಾಳೆಹಣ್ಣೋ ತಿಂದು ಶಕ್ತಿ ತುಂಬಿಕೊಳ್ಳಬೇಕು, ಅವರ ವಿಷಯ ಬೇರೆ.

ದಿನಕ್ಕೆ ಎಷ್ಟು ಅಂತಾನೂ ಕೇಳ್ತೀರಿ, ಗೊತ್ತು. ಐಸಿಎಂಆರ್, ಅಂದ್ರೆ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ, ಸಾಮಾನ್ಯ ಜನಕ್ಕೆ ಹೇಳೋದು ಕೆಜಿ ತೂಕಕ್ಕೆ 0.83 ಗ್ರಾಂ, ನನಗೆ 51 ಗ್ರಾಂ ಆಯ್ತು. ವ್ಯಾಯಾಮ ಮಾಡೋರಿಗೆ 1.4ರಿಂದ 2 ಅಂತಾರೆ ಸ್ಪೋರ್ಟ್ಸ್ ನ್ಯೂಟ್ರಿಶನ್‌ನೋರು, ನಾನು 90ರ ಹತ್ರ ಇಟ್ಕೊಂಡಿದೀನಿ. ಮೊಟ್ಟೆಗೆ 6 ಗ್ರಾಂ, ಲೋಟ ಹಾಲಿಗೆ 6-7, ಉಪ್ಪಿಟ್ಟಿಗೆ ಕಡಲೆಬೀಜ ಜಾಸ್ತಿ ಹಾಕಿದ್ರೆ ಬೆಳಿಗ್ಗೆನೇ 20 ದಾಟುತ್ತೆ, ಮಿಕ್ಕಿದ್ದು ಕಾಳು, ಮೊಸರು, ಸೋಯಾ, ಭಾನುವಾರ ಕೋಳಿ. ಅಂದಹಾಗೆ ರಾಗೀಲಿ ಪ್ರೋಟೀನ್ ತುಂಬಿ ತುಳುಕ್ತಿದೆ ಅಂತ ವಾಟ್ಸಾಪಲ್ಲಿ ಕಳಿಸೋರಿಗೆ: 100 ಗ್ರಾಮಿಗೆ 7 ಗ್ರಾಂ, ಅಷ್ಟೇ. ರಾಗಿ ಹೆಚ್ಚುಗಾರಿಕೆ ಕ್ಯಾಲ್ಸಿಯಂ, ಅದು 340ರ ಮೇಲೆ ಮಿಲಿಗ್ರಾಂ ಇದೆ. ಪ್ರೋಟೀನ್ ಇರೋದು ಮುದ್ದೆ ಪಕ್ಕದಲ್ಲಿರೋ ಹುರುಳಿಕಾಳಲ್ಲಿ, 22ರ ಹತ್ರ. ಪೌಡರ್ ಡಬ್ಬ ನಾನೂ ಒಂದು ತಗೊಂಡಿದ್ದೆ, ಚಾಕೊಲೇಟ್ ಫ್ಲೇವರು, ಈಗ ಆ ಡಬ್ಬದಲ್ಲಿ ಹುರುಳಿಕಾಳೇ ಇದೆ, ಮುಚ್ಚಳ ಮಾತ್ರ ಬಲೇ ಗಟ್ಟಿ.

ಇಷ್ಟೆಲ್ಲ ಹೇಳಿದ್ರೂ ನನ್ನ ಸಿಟ್ಟು ಇಳಿದಿಲ್ಲ, ಯಾಕೆ ಅಂತ ಈಗ ಹೇಳ್ತೀನಿ.

2024ರ ಬೇಸಿಗೆ, ಬೆಂಗಳೂರಲ್ಲಿ ನೀರಿಗೆ ಹಾಹಾಕಾರ, ಜಯನಗರದಲ್ಲಿರೋ ನಮ್ಮ ಆಫೀಸಿಗೆ 20 ಲೀಟರ್ ಕ್ಯಾನು ಬಂದಿದ್ದೇ ಮಧ್ಯಾಹ್ನ. ತಂದವನು ಬಾಗಿಲಲ್ಲಿ ಇಟ್ಟು ಓಡಿದ. ಅದನ್ನ ಡಿಸ್ಪೆನ್ಸರ್ ಮೇಲೆ ಯಾರು ಕೂರಿಸೋದು ಅಂತ ಮೂರು ಜನ ಗಂಡಸರು ಸೊಂಟದ ಮೇಲೆ ಕೈ ಇಟ್ಕೊಂಡು ಮೀಟಿಂಗ್ ಮಾಡ್ತಿದಾರೆ, ಒಬ್ಬರಿಗೆ ಡಿಸ್ಕು, ಒಬ್ಬರಿಗೆ ಭುಜ, ಇನ್ನೊಬ್ಬರು ಹೌಸ್‌ಕೀಪಿಂಗ್‌ಗೆ ಫೋನ್ ಹಚ್ಚಿದಾರೆ. ನನಗೆ ಬಾಯಾರಿಕೆ. ಹೋದೆ, ಸೀಲ್ ಕಿತ್ತೆ, ಮಂಡಿ ಬಗ್ಗಿಸಿ ಎತ್ತಿದೆ, ಮಗುಚಿ ಕೂರಿಸಿದೆ, ಗುಳುಗುಳು ಅಂತು. ಒಂದು ನಿಮಿಷ ಯಾರೂ ಮಾತಿಲ್ಲ. ಆಮೇಲೆ ಡಿಸ್ಕಿನವರು, "ಅಬ್ಬಾ ಮೇಡಂ! ಬೆಳಿಗ್ಗೆ ಏನ್ ತಿಂದ್ಕೊಂಡು ಬರ್ತೀರಿ?"

ನೋಡಿ, ಅಲ್ಲೂ ಅದೇ. ಎಷ್ಟು ಎತ್ತುತೀಯ ಅಂತ ಒಬ್ಬರಾದ್ರೂ ಕೇಳಿದೀರಾ? ನಾನೇ ಹೇಳ್ತೀನಿ. 80 ಕೆಜಿ ಡೆಡ್‌ಲಿಫ್ಟ್, ಅಂದ್ರೆ ನೆಲದ ಮೇಲಿರೋ ತೂಕನ ಎತ್ತಿ ನೆಟ್ಟಗೆ ನಿಲ್ಲೋದು. ರಾಡ್ 20, ಆ ಕಡೆ 30, ಈ ಕಡೆ 30. ಶುರುವಿನಲ್ಲಿ ಬರೀ ರಾಡ್ ಎತ್ತಿ ಎರಡು ದಿನ ಕೂತು ಏಳೋಕ್ಕಾಗಿರಲಿಲ್ಲ. ಉಂಗುರದ ಬೆರಳ ಬುಡದಲ್ಲಿ ಅಂಗೈ ಜಡ್ಡುಗಟ್ಟಿದೆ, ಉಂಗುರ ಬಿಚ್ಚಿಟ್ಟು ಮೂರು ವರ್ಷ ಆಯ್ತು, ಅದು ಎಲ್ಲಿ ಅಂತ ಕೇಳಿದ ಅತ್ತೆಗೆ ಅಂಗೈ ತೋರಿಸಿದೆ, ಮುಟ್ಟಿ ನೋಡಿ "ನಮ್ಮಮ್ಮನ ಕೈ ಹಿಂಗೇ ಇತ್ತು ಕಣೇ, ಕುಡುಗೋಲು ಹಿಡಿದು ಹಿಡಿದು" ಅಂದ್ರು. ನಾನು ತಿಂದಿದ್ದರ ಬಗ್ಗೆ ಅಲ್ಲದೆ ಮಾಡಿದ್ದರ ಬಗ್ಗೆ ಯಾರಾದ್ರೂ ಮಾತಾಡಿದ್ದು ಅಂದ್ರೆ ಅದೊಂದೇ.

ಅಲ್ಲಲ್ಲ, ಇನ್ನೊಬ್ಬರಿದ್ರು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಹೋದ ತಿಂಗಳು ಗ್ಯಾಸ್‌ನವರು ಬಂದ್ರು, ಹೆಗಲ ಮೇಲೆ ತುಂಬಿದ ಸಿಲಿಂಡರು, ನಾನು ಜಿಮ್ ಬಟ್ಟೇಲೇ ಇದ್ದೆ. ಖಾಲೀದನ್ನ ಒಂದೇ ಕೈಯಲ್ಲಿ ತಂದು ಬಾಗಿಲ ಹತ್ರ ಇಟ್ಟೆ. ಅವರು ಸಿಲಿಂಡರ್ ನೋಡಿದ್ರು, ನನ್ನ ನೋಡಿದ್ರು.

"ಅಕ್ಕ, ಜಿಮ್ಮಾ? ಎಷ್ಟ್ ಕೆಜಿ ಎತ್ತೀರ?"

ಆರು ವರ್ಷ ಕಾದಿದ್ದೆ ರೀ ಇದಕ್ಕೆ. "80" ಅಂದೆ, ಧ್ವನಿ ಸ್ವಲ್ಪ ಜೋರಾಗೇ ಬಂತು. ಅವರು ಟವೆಲ್ಲಲ್ಲಿ ಕುತ್ತಿಗೆ ಒರೆಸ್ಕೊಂಡು ಲೆಕ್ಕ ಹಾಕಿದ್ರು. ಒಳಗಿನ ಗ್ಯಾಸು 14.2, ಖಾಲಿ ಸಿಲಿಂಡರ್ ತೂಕ ಅದರ ಮೇಲೇ ಬರೆದಿರುತ್ತೆ, ಎರಡೂ ಸೇರಿ ಸುಮಾರು 30. "ಅಂದ್ರೆ ಎರಡು ಫುಲ್ ಸಿಲಿಂಡರು, ಮೇಲೊಂದು ನೀರಿನ ಕ್ಯಾನು. ಪರವಾಗಿಲ್ಲ ಅಕ್ಕ."

ಎಲ್ಲಿಲ್ಲದ ಸಂತೋಷ ಆಗೋಯ್ತು ನನಗೆ. ದಿನಕ್ಕೆ ಎಷ್ಟು ಹತ್ತಿಸ್ತೀರಿ ಅಂತ ಕೇಳಿದೆ, 40 ಆಗುತ್ತೆ ಅಕ್ಕ, ಹಬ್ಬ ಬಂದ್ರೆ ಇನ್ನೂ ಜಾಸ್ತಿ ಅಂದ್ರು. ನನ್ನ ಬಾಯಿ ಸುಮ್ನಿರಬೇಕಲ್ಲ.

"ಅಯ್ಯೋ, ಅಷ್ಟೊಂದು ಎತ್ತೀರಲ್ಲ ಅಣ್ಣ, ಬೆಳಿಗ್ಗೆ ಏನ್ ತಿಂತೀರ?"

ನಾನು ಚಿಕ್ಕಮ್ಮನ್ನ ನೋಡ್ತೀನಲ್ಲ, ಹಂಗೇ ನೋಡಿದ್ರು.

"ಮನೇಲಿ ಏನ್ ಮಾಡಿರ್ತಾರೋ ಅದು ಅಕ್ಕ. ಓಟಿಪಿ ಹೇಳಿ, ಕೆಳಗೆ ಗಾಡಿ ನಿಂತಿದೆ."