ಅಜಂತಾ ಹಾದಿಯಲ್ಲಿ ಹರಳು: ಕೊಳ್ಳುವ ಮುನ್ನ, ಕಟ್ಟುವ ಮುನ್ನ

ಅಜಂತಾಕ್ಕೆ ಹೋಗುವ ಖಾಸಗಿ ವಾಹನಗಳೆಲ್ಲ ಫರ್ದಾಪುರದ ಟಿ-ಜಂಕ್ಷನ್‌ನಲ್ಲೇ ನಿಲ್ಲಬೇಕು. ಅಲ್ಲಿಂದ ಗುಹೆಗಳವರೆಗೆ 4 ಕಿ.ಮೀ. ಶಟಲ್ ಬಸ್ಸೇ ಗತಿ. ಆ ನೂಕುನುಗ್ಗಲಿನಲ್ಲಿ ಗುಲಾಬಿ, ಗಿಳಿಹಸಿರು ಬಣ್ಣದ ಹರಳುಗಳನ್ನು ಕೈಗೆ ತುರುಕುತ್ತಾರೆ. 1500 ಎಂದದ್ದು ಬಸ್ ಹೊರಡುವಷ್ಟರಲ್ಲಿ 200ಕ್ಕೆ ಇಳಿಯುತ್ತದೆ. ಇಳಿದರೂ ಬೇಡ.

ಹತ್ತಿಯುಂಡೆಯಂತಿರುವ ಓಕೆನೈಟ್ ಎಂಬ ಖನಿಜ ಹುಟ್ಟಿನಿಂದ ಬಿಳಿ. ಗುಲಾಬಿಯೋ ಹಸಿರೋ ಕಂಡರೆ ಬಣ್ಣದಲ್ಲಿ ಅದ್ದಿದ್ದು ಎಂದೇ ತಿಳಿಯಿರಿ. ಬೇರೆ ಹರಳಿನ ಮೇಲೆ ಅನುಮಾನವಿದ್ದರೆ 10 ಪಟ್ಟಿನ ಲೆನ್ಸ್ ಹಿಡಿದು ನೋಡಿ, ಹಚ್ಚಿದ ಬಣ್ಣ ಬಿರುಕುಗಳಲ್ಲಿ ದಟ್ಟವಾಗಿ ಕೂತಿರುತ್ತದೆ. ಕಡುನೀಲಿ ಕ್ಯಾವನ್‌ಸೈಟ್ ಮಾತ್ರ ನಿಜಕ್ಕೂ ಆ ಬಣ್ಣದ್ದೇ. ಅದು ಪುಣೆ ಪಕ್ಕದ ವಾಘೋಲಿ ಕ್ವಾರಿಗಳ ಹೆಸರುವಾಸಿ ಖನಿಜ. ಅದರಲ್ಲಿ ಮೋಸ ಅಂಟಿನದು: ಉದುರಿದ ನೀಲಿ ಗೊಂಚಲನ್ನು ಸ್ಟಿಲ್ಬೈಟ್ ಎಂಬ ಇನ್ನೊಂದು ಖನಿಜದ ಮೇಲೆ ಅಂಟಿಸಿರುತ್ತಾರೆ. 365 ನ್ಯಾನೊಮೀಟರ್‌ನ ಯುವಿ (ನೇರಳಾತೀತ) ಟಾರ್ಚ್ ಬಿಟ್ಟರೆ ಎಷ್ಟೋ ಬಗೆಯ ಅಂಟು ನೀಲಿಬಿಳಿಯಾಗಿ ಹೊಳೆಯುತ್ತದೆ.

ಹುಡುಕಿಯೇ ತರುವ ಆಸೆಯಿದ್ದರೆ ಜಳಗಾಂವ್ ಸುತ್ತಿನ ಕಲ್ಲು ಕ್ವಾರಿಗಳಿಗೆ ಹೋಗಿ, ಆದರೆ ಗುತ್ತಿಗೆದಾರರ ಒಪ್ಪಿಗೆಯಿಲ್ಲದೆ ಕಾಲಿಡಬೇಡಿ. ಸಿಡಿಮದ್ದಿನ ಸಮಯ ಕೇಳಿಕೊಳ್ಳಿ, ಗೋಡೆಯ ಬುಡದಲ್ಲಿ ನಿಲ್ಲಬೇಡಿ. ಮಳೆಗಾಲದಲ್ಲಿ ಹಳೆಯ ಗುಂಡಿಗಳು ತುಂಬಿ ಅಂಚು ಕುಸಿಯುತ್ತದೆ. ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಇಲ್ಲಿನದು ಲಾವಾ ಆರಿ ಆದ ಕರಿಗಲ್ಲು (ಬಸಾಲ್ಟ್), ವಿಜಯಪುರ, ಬೀದರ ಕಡೆಯವರಿಗೆ ಗೊತ್ತಿರುವುದೇ. ಲಾವಾ ಪದರದ ನಡುವಿನ ಗಟ್ಟಿ ಕಲ್ಲಿನಲ್ಲಿ ಹೆಚ್ಚೇನೂ ಸಿಗದು; ಗುಳ್ಳೆಗಳಿಂದ ತೂತುತೂತಾದ ಮೇಲ್ಭಾಗವನ್ನು ಹುಡುಕಿ. ಹೊಸ ಬಾವಿ ತೋಡಿ ಹಾಕಿದ ರಾಶಿಯನ್ನೂ ಬಿಡಬೇಡಿ. ಒಂದೂವರೆ ಕೆ.ಜಿ. ಸುತ್ತಿಗೆ, ಚಪ್ಪಟೆ ಉಳಿ, ಕಣ್ಣಿಗೆ ಕನ್ನಡಕ ಸಾಕು. ಹರಳಿನಿಂದ ಒಂದು ಗೇಣು ದೂರದ ಕಲ್ಲಿಗೆ ಏಟು ಹಾಕಿ. ಅಪೋಫಿಲೈಟ್ ಹರಳು ಅಡ್ಡಕ್ಕೆ ನುಣ್ಣಗೆ ಸೀಳುವ ಜಾತಿಯದು, ಹತ್ತಿರ ಹೊಡೆದರೆ ಅದರ ತಲೆಯೇ ಹಾರುತ್ತದೆ.

ಜಳಗಾಂವ್‌ನಲ್ಲಿ ಊಟಕ್ಕೆ ದೊಡ್ಡ ಹೋಟೆಲ್ ಹುಡುಕಬೇಡಿ. ಚಳಿಗಾಲದಲ್ಲಿ ಸಣ್ಣ ಖಾನಾವಳಿಗಳಲ್ಲಿ ಬದನೆಕಾಯಿ ಭರೀತ್ ಸಿಗುತ್ತದೆ. ಬಿಳಿಹಸಿರು ದಪ್ಪ ಬದನೆಯನ್ನು ಒಣಗಿದ ಹತ್ತಿಕಟ್ಟಿಗೆಯ ಉರಿಯಲ್ಲಿ ಸುಟ್ಟು, ಹಸಿಮೆಣಸು, ಬೆಳ್ಳುಳ್ಳಿ ಹಾಕಿ ಕುಟ್ಟುತ್ತಾರೆ; ಮೇಲೆ ಶೇಂಗಾ, ಈರುಳ್ಳಿ ಸೊಪ್ಪು. ಪೂರಿ ಬಿಟ್ಟು ಜೋಳಕ್ಕೆ ಉದ್ದು ಬೆರೆಸಿ ತಟ್ಟಿದ ಕಳಣ್ಯಾ ಭಾಕರಿ ಕೇಳಿ. ಹೊಗೆವಾಸನೆಯ ಆ ಭರೀತ್‌ಗೆ ನಮ್ಮ ಎಣ್ಣೆಗಾಯಿಯೂ ಒಂದು ಹೆಜ್ಜೆ ಹಿಂದೆಯೇ.

ಮರಳುವಾಗ ಸ್ಲೀಪರ್ ಬಸ್ಸಿನ ಡಿಕ್ಕಿಗೆ ಪೆಟ್ಟಿಗೆ ಹಾಕಿದರೆ ಮನೆ ತಲುಪುವುದು ಪುಡಿ. ಭುಸಾವಳದಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು, ಪೆಟ್ಟಿಗೆಯನ್ನು ಕೆಳಬರ್ತ್‌ನಡಿ ಇಟ್ಟುಕೊಳ್ಳಿ. ಗಟ್ಟಿ ಹರಳಿಗೆ ಮೆತ್ತನೆ ಕಾಗದ, ಮೇಲೆ ಪತ್ರಿಕೆ. ಸೂಜಿಯಂಥ ಸ್ಕೊಲೆಸೈಟ್, ಮೆಸೊಲೈಟ್‌ಗಳಿಗೆ ಹತ್ತಿ ಸೋಕಿಸಲೇಬಾರದು. ಎಳೆ ಸಿಕ್ಕಿಕೊಂಡರೆ ಬಿಡಿಸುವಾಗ ಸೂಜಿಗಳೇ ಕಿತ್ತುಬರುತ್ತವೆ. ಬುಡದ ಕಲ್ಲನ್ನು ಡಬ್ಬಿಯ ತಳಕ್ಕೆ ದಾರದಿಂದ ಬಿಗಿದು, ಮೇಲೆ ಏನೂ ತಾಗದಂತೆ ಮುಚ್ಚಿ. ಮನೆಗೆ ಬಂದ ಮೇಲೂ ಓಕೆನೈಟ್ ತೊಳೆಯಬೇಡಿ. ಅದರ ಕೂದಲಿನಂಥ ಎಳೆಗಳು ಒದ್ದೆಯಾಗಿ ಒಂದಕ್ಕೊಂದು ಮೆತ್ತಿಕೊಂಡರೆ ಮತ್ತೆ ಅರಳುವುದಿಲ್ಲ.