ಕೀರ್ ಹಾರ್ಡಿಯವರ ಕಮ್ನಕ್‌ನಲ್ಲಿ

ಸ್ಕಾಟ್ಲೆಂಡಿಗೆ ಹೋದವರು ಕಮ್ನಕ್‌ಗೆ ಹೋಗುವುದು ಕಡಿಮೆ. ಎಡಿನ್‌ಬರೋ ಕೋಟೆ, ಲಾಖ್ ನೆಸ್, ಹೈಲ್ಯಾಂಡ್ಸ್ ಗುಡ್ಡಗಳು ಅಂತ ಸುತ್ತುವಷ್ಟರಲ್ಲಿ ರಜೆ ಮುಗಿದಿರುತ್ತದೆ. ನನಗೆ ಮಾತ್ರ ಈ ಸಣ್ಣ ಊರನ್ನು ನೋಡಲೇಬೇಕಿತ್ತು. ಬ್ರಿಟನ್ನಿನ ಲೇಬರ್ ಪಕ್ಷ ಕಟ್ಟಿದವರಲ್ಲಿ ಮೊದಲಿಗರಾದ ಜೇಮ್ಸ್ ಕೀರ್ ಹಾರ್ಡಿ ಸಂಸಾರ ಹೂಡಿದ್ದು ಇಲ್ಲೇ. 1907ರಲ್ಲಿ ಇಂಡಿಯಾಗೆ ಬಂದು, ಇಲ್ಲಿನವರಿಗೆ ಸ್ವರಾಜ್ಯ ಕೊಡಬೇಕು ಎಂದು ಬಾಯಿಬಿಟ್ಟು ಹೇಳಿದ ಎಂಪಿ ಅವರು. ಅವರು ಹುಟ್ಟಿದ್ದು 1856ರ ಆಗಸ್ಟ್ 15ರಂದು. ಆ ತಾರೀಕನ್ನು ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು.

ಗ್ಲಾಸ್ಗೋ ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಆಕಿನ್‌ಲೆಕ್ ಸಿಗುತ್ತದೆ. ಕಮ್ನಕ್‌ನ ಸ್ವಂತ ಸ್ಟೇಷನ್ 1965ರಲ್ಲೇ ಮುಚ್ಚಿಹೋಯಿತು. ಹಾಗಾಗಿ ಆಕಿನ್‌ಲೆಕ್‌ನಲ್ಲಿ ಇಳಿದು ಎರಡು ಮೈಲಿ ಬಸ್ಸಿನಲ್ಲೋ ನಡೆದುಕೊಂಡೋ ಹೋಗಬೇಕು. ಕಿಲ್ಮಾರ್ನಕ್ ದಾಟಿದ ಮೇಲೆ ಏರ್ ನದಿಯ ಮೇಲೆ ಬ್ಯಾಲಕ್‌ಮೈಲ್ ಸೇತುವೆ ಬರುತ್ತದೆ. 1848ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಕಮಾನು ಸೇತುವೆ, ನದಿಯಿಂದ ಸುಮಾರು 50 ಮೀಟರ್ ಎತ್ತರ. ರೈಲಿನೊಳಗೆ ಕೂತವರಿಗೆ ಕಮಾನು ಕಾಣುವುದಿಲ್ಲ, ಕೆಳಗೆ ಮರಗಳ ತಲೆ ಮಾತ್ರ ಕಾಣುತ್ತದೆ. ಅದಕ್ಕೇ ಎರಡೂ ಕಡೆ ಕಿಟಕಿಗೆ ಓಡಿಹೋಗಿ ನೋಡಿದೆ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಬ್ಬ ಹುಡುಗ. ಹಾರ್ಡಿ ಹುಟ್ಟಿದ್ದು ಲ್ಯಾನರ್ಕ್‌ಶೈರ್‌ನ ಒಂದು ಸಣ್ಣ ಗುಡಿಸಲಿನಲ್ಲಿ. ತಾಯಿ ಮೇರಿ ಕೀರ್ ಹೊಲಮನೆಗಳಲ್ಲಿ ಕೆಲಸಕ್ಕಿದ್ದವರು. ಮಗ ಹುಟ್ಟಿದಾಗ ಅವರಿಗೆ ಮದುವೆ ಆಗಿರಲಿಲ್ಲ. ಆಮೇಲೆ ಹಡಗಿನ ಬಡಗಿ ಡೇವಿಡ್ ಹಾರ್ಡಿ ಎಂಬವರನ್ನು ಮದುವೆಯಾದರು. ಹುಡುಗ ಶಾಲೆಯ ಮೆಟ್ಟಿಲು ಹತ್ತಿದ್ದೇ ಇಲ್ಲ ಅನ್ನಬಹುದು. ಏಳನೇ ವಯಸ್ಸಿಗೇ ದುಡಿಮೆ. ಗ್ಲಾಸ್ಗೋದಲ್ಲಿ ಒಂದು ಬ್ರೆಡ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗಿನ ಕಥೆಯನ್ನು ಅವರೇ ಮುಂದೆ ಬರೆದುಕೊಂಡಿದ್ದಾರೆ. ಹಡಗುಕಟ್ಟೆಗೆ ಬೀಗ ಬಿದ್ದು ಅಪ್ಪನಿಗೆ ಕೆಲಸವಿಲ್ಲ. ಮನೆಯಲ್ಲಿ ತಮ್ಮ ಜ್ವರ ಬಂದು ಮಲಗಿದ್ದಾನೆ, ಅಮ್ಮ ಬಸುರಿ. ರಾತ್ರಿಯೆಲ್ಲ ತಮ್ಮನ ಹತ್ತಿರ ಕೂತು ಬೆಳಿಗ್ಗೆ ಮಳೆಯಲ್ಲಿ ತಡವಾಗಿ ಹೋದ ಹುಡುಗನನ್ನು ಯಜಮಾನ ಮಾಳಿಗೆಯ ಮೇಲೆ ಕರೆಸಿದ. ದೇವರ ಪ್ರಾರ್ಥನೆ ಮುಗಿಯುವವರೆಗೆ ಬಾಗಿಲಾಚೆ ನಿಲ್ಲಿಸಿದ. ಒಳಗೆ ಮೇಜಿನ ತುಂಬ ತಿಂಡಿ. ಎಲ್ಲರೂ ತಿನ್ನುತ್ತಿರುವಾಗಲೇ ಹುಡುಗನನ್ನು ಕೆಲಸದಿಂದ ತೆಗೆದ, ವಾರದ ಸಂಬಳವನ್ನೂ ಹಿಡಿದುಕೊಂಡ. ಮನೆಗೆ ಬರುತ್ತಿದ್ದದ್ದು ಅದೊಂದೇ ದುಡ್ಡು.

ಹತ್ತು ವಯಸ್ಸಿಗೆ ಕಲ್ಲಿದ್ದಲು ಗಣಿ. ನೆಲದಡಿಯ ಕತ್ತಲಲ್ಲಿ ಒಬ್ಬನೇ ಕೂತು, ಗಾಳಿ ಬಾಗಿಲನ್ನು ತೆರೆಯುವುದು, ಮುಚ್ಚುವುದು. ಓದಲು ಕಲಿಸಿದ್ದು ತಾಯಿ. ಮುಂದೆ ಗಣಿಯೊಳಗೇ ದೀಪದ ಹೊಗೆಯಿಂದ ಕಪ್ಪಾದ ಕಲ್ಲಿನ ಮೇಲೆ ಪಿನ್ನಿನಿಂದ ಗೀಚಿ ಗೀಚಿ ಶಾರ್ಟ್‌ಹ್ಯಾಂಡ್ ಕಲಿತರಂತೆ. ಪಾರ್ಲಿಮೆಂಟಿನಲ್ಲಿ ಹಾರ್ಡಿ ಎದ್ದು ನಿಂತ ಸಂದರ್ಭಗಳನ್ನು ಓದುವಾಗಲೆಲ್ಲ ನನಗೆ ಆ ಮಾಳಿಗೆಯ ಬಾಗಿಲು, ಈ ಗಣಿಯ ಬಾಗಿಲು ಎರಡೂ ನೆನಪಾಗುತ್ತವೆ. ಹೊರಗೆ ನಿಲ್ಲಿಸಲ್ಪಟ್ಟವರ ಪಕ್ಕ ಅವರು ಯಾಕೆ ಹೋಗಿ ನಿಲ್ಲುತ್ತಿದ್ದರು ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಕಮ್ನಕ್ ಕೆಂಪು ಮರಳುಗಲ್ಲಿನ ಊರು. ನಡುವೆ ಚೌಕ, ಚೌಕದಲ್ಲಿ ಹಳೇ ಚರ್ಚು. ಅಂಗಡಿ ಬೀದಿಯಲ್ಲಿ ಕೆಲವು ಬಾಗಿಲು ಮುಚ್ಚಿದ್ದವು. ಗಣಿಗಳು ಹೋದ ಮೇಲೆ ಕೆಲಸವೂ ಹೋಯಿತು, ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. ಟೌನ್ ಹಾಲ್ ಮುಂದೆ ಹಾರ್ಡಿಯವರ ತಲೆಯ ಶಿಲ್ಪ ಇದೆ. ಮಾಡಿದವರು ಎಸ್ಟೋನಿಯಾದಲ್ಲಿ ಹುಟ್ಟಿ ಗ್ಲಾಸ್ಗೋದಲ್ಲಿ ನೆಲೆಸಿದ ಬೆನ್ನೋ ಶಾಟ್ಜ್. ಅನಾವರಣ ಆಗಿದ್ದು 1939ರಲ್ಲಿ. ಗಡ್ಡದ ಮೇಲೆ ಶಿಲ್ಪಿಯ ಬೆರಳು ಓಡಾಡಿದ ಉಬ್ಬುತಗ್ಗು ಹಾಗೇ ಉಳಿದಿದೆ, ನಯ ಮಾಡಲು ಹೋಗಿಲ್ಲ. ಹಣೆಯ ಗೆರೆಗಳಲ್ಲಿ ಬೆಳಗಿನ ಮಳೆನೀರು ಇನ್ನೂ ನಿಂತಿತ್ತು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಒಬ್ಬ ವಯಸ್ಸಾದವರು ನನ್ನನ್ನೇ ನೋಡುತ್ತಿದ್ದರು. ಎಲ್ಲಿಂದ ಬಂದೆ ಎಂದು ಕೇಳಿದರು. ಬೆಂಗಳೂರು ಅಂದೆ. "ಅವರನ್ನು ನೋಡೋಕೆ ಅಷ್ಟು ದೂರದಿಂದ ಬಂದ್ಯಾ?" ಅಂದರು. ಹೌದು ಅಂದೆ. ತಮ್ಮ ಅಪ್ಪ, ಅಜ್ಜ ಇಬ್ಬರೂ ಗಣಿಯಲ್ಲಿದ್ದವರು ಎಂದು ಹೇಳಿ, ಹಾರ್ಡಿಯವರ ಮನೆಗೆ ಹೋಗುವ ದಾರಿ ತೋರಿಸಿದರು.

ಹಾರ್ಡಿ ಈ ಊರಿಗೆ ಬಂದಿದ್ದು 1880ರ ಸುಮಾರಿಗೆ. ಸಂಘ ಕಟ್ಟುತ್ತಾನೆ ಅಂತ ಲ್ಯಾನರ್ಕ್‌ಶೈರ್‌ನ ಗಣಿ ಮಾಲೀಕರು ಅವರನ್ನೂ ಅವರ ತಮ್ಮಂದಿರನ್ನೂ ಹೊರಹಾಕಿದ್ದರು. ಇಲ್ಲಿ ಪತ್ರಿಕೆಗೆ ಬರೆಯುತ್ತ, ಏರ್‌ಶೈರ್ ಗಣಿ ಕಾರ್ಮಿಕರ ಸಂಘ ಕಟ್ಟಿದರು. 1888ರಲ್ಲಿ ಮಿಡ್ ಲ್ಯಾನರ್ಕ್ ಉಪಚುನಾವಣೆಗೆ ನಿಂತರು. ಬಿದ್ದದ್ದು 617 ಮತ. ಅದೇ ವರ್ಷ ಸ್ಕಾಟಿಷ್ ಲೇಬರ್ ಪಾರ್ಟಿ ಶುರು ಮಾಡಿದರು! ಸೋತು ಸುಮ್ನೆ ಕೂರುವ ಆಸಾಮಿ ಅಲ್ಲ. 1892ರಲ್ಲಿ ಲಂಡನ್ನಿನ ವೆಸ್ಟ್ ಹ್ಯಾಮ್ ಸೌತ್‌ನಿಂದ ಗೆದ್ದರು. ಉಳಿದ ಸದಸ್ಯರು ಉದ್ದ ಕೋಟು, ರೇಷ್ಮೆ ಹ್ಯಾಟು ಹಾಕಿಕೊಂಡು ಬರುತ್ತಿದ್ದ ಸಭೆಗೆ ಇವರು ಟ್ವೀಡ್ ಸೂಟು, ಬಟ್ಟೆಯ ಟೋಪಿಯಲ್ಲಿ ಹೋದರು.

1894ರ ಜೂನ್ 23. ಆ ದಿನ ವೇಲ್ಸ್‌ನ ಆಲ್ಬಿಯನ್ ಗಣಿಯಲ್ಲಿ ಸ್ಫೋಟವಾಗಿ 290 ಜನ ಸತ್ತರು. ಅದೇ ದಿನ ರಾಜಮನೆತನದಲ್ಲಿ ಒಂದು ಗಂಡು ಮಗು ಹುಟ್ಟಿತು. ಪಾರ್ಲಿಮೆಂಟು ಮಗುವಿಗೆ ಅಭಿನಂದನೆ ಹೇಳಲು ಹೊರಟಿತು. ಸತ್ತವರ ಮನೆಯವರಿಗೂ ಒಂದು ಸಂತಾಪದ ಮಾತು ಸೇರಿಸಿ ಎಂದು ಹಾರ್ಡಿ ಕೇಳಿದರು. ಆಗುವುದಿಲ್ಲ ಅಂದರು. ಆಗ ಅವರು ಎದ್ದು ನಿಂತು, ಈ ಮಗು ಹುಟ್ಟಿದಾಗಿನಿಂದ ಹೊಗಳುಭಟ್ಟರ ನಡುವೆಯೇ ಬೆಳೆಯುತ್ತದೆ ಎಂಬರ್ಥದ ಮಾತಾಡಿದರು. ಸಭೆಯೆಲ್ಲ ಕೂಗಾಡಿತು. ಮರುವರ್ಷ ಅವರು ಸೀಟು ಕಳೆದುಕೊಂಡರು. ಆ ಭಾಷಣ ಒಂದೇ ಸೋಲಿಗೆ ಕಾರಣ ಅನ್ನಲಾಗದು. ಆದರೂ ಅವರ ಇಡೀ ರಾಜಕೀಯದಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಗಳಿಗೆ ಅದೇ.

ಮನೆಯ ಹೆಸರು ಲಾಖ್‌ನಾರಿಸ್. ಆಕಿನ್‌ಲೆಕ್ ರಸ್ತೆಯಲ್ಲಿದೆ, ಖಾಸಗಿ ಮನೆ, ಹೊರಗಿನಿಂದಲೇ ನೋಡಬೇಕು. ಹಾರ್ಡಿ ಲಂಡನ್ನು, ವೇಲ್ಸು, ಅಮೆರಿಕ ಅಂತ ತಿರುಗುತ್ತಿದ್ದಾಗ ಹೆಂಡತಿ ಲಿಲ್ಲಿ ಮಕ್ಕಳನ್ನು ಕಟ್ಟಿಕೊಂಡು ಇಲ್ಲೇ ಇದ್ದರು. ಕೈಯಲ್ಲಿ ಕಾಸು ಕಮ್ಮಿ, ಗಂಡ ಮನೆಗೆ ಬರುವುದು ಅಪರೂಪ. ಆ ಗೇಟಿನ ಮುಂದೆ ನಿಂತಾಗ ನನಗೆ ಹಾರ್ಡಿಯವರಿಗಿಂತ ಲಿಲ್ಲಿಯವರದೇ ಯೋಚನೆ ಆಯಿತು. ಪಕ್ಷದ ಚರಿತ್ರೆಯಲ್ಲಿ ಅವರ ಪಾಲೂ ಇದೆ ಅಲ್ವಾ? ಮಗಳು ನ್ಯಾನ್ ಮುಂದೆ ಕಮ್ನಕ್‌ನ ಪ್ರೊವೊಸ್ಟ್, ಅಂದರೆ ಪುರಸಭೆಯ ಮುಖ್ಯಸ್ಥೆ ಆದರು. ಅಳಿಯ ಎಮ್ರಿಸ್ ಹ್ಯೂಸ್ ಸೌತ್ ಏರ್‌ಶೈರ್‌ನಿಂದ 1946ರಿಂದ 1969ರವರೆಗೆ ಎಂಪಿ ಆಗಿದ್ದರು.

ಬೇರ್ಡ್ ಇನ್‌ಸ್ಟಿಟ್ಯೂಟ್ ಎಂಬ ಹಳೇ ಕೆಂಪು ಕಟ್ಟಡದಲ್ಲಿ ಹಾರ್ಡಿಯವರಿಗೆ ಸೇರಿದ ವಸ್ತುಗಳನ್ನು ಜೋಪಾನ ಮಾಡಿದ್ದಾರೆ. ಅಲ್ಲಿ ನಿಂತು ನಾನು ಯೋಚಿಸಿದ್ದು ಅವರ ಇಂಡಿಯಾ ಪ್ರವಾಸದ ಬಗ್ಗೆ. 1900ರಲ್ಲಿ ಅವರು ವೇಲ್ಸ್‌ನ ಮರ್ಥರ್ ಟಿಡ್‌ಫಿಲ್‌ನಿಂದ ಗೆದ್ದು ಮತ್ತೆ ಎಂಪಿ ಆಗಿದ್ದರು. 1906ರಲ್ಲಿ ಲೇಬರ್ ಪಕ್ಷ 29 ಸೀಟು ಗೆದ್ದು, ಪಾರ್ಲಿಮೆಂಟಿನಲ್ಲಿ ಹಾರ್ಡಿ ಅದರ ಮೊದಲ ನಾಯಕರಾದರು. ಮರುವರ್ಷ ಆರೋಗ್ಯ ಕೆಟ್ಟು, ಸುಧಾರಿಸಿಕೊಳ್ಳಲು ಲೋಕಸಂಚಾರ ಹೊರಟರು. ಬಂಗಾಳ ಎರಡಾಗಿ ಒಡೆದು ಸ್ವದೇಶಿ ಚಳವಳಿ ಕಾವೇರಿದ್ದ ಕಾಲ. ಪೂರ್ವ ಬಂಗಾಳದ ಹಳ್ಳಿಗಳಿಗೆ ಹೋದರು, ಜನರ ಜೊತೆ ಕೂತರು. ಕೆನಡಾಕ್ಕೆ ಕೊಟ್ಟ ಹಾಗೆ ಇವರಿಗೂ ಸ್ವರಾಜ್ಯ ಕೊಡಿ ಅಂದರು. ಲಂಡನ್ ಪತ್ರಿಕೆಗಳು ರಾಜದ್ರೋಹಿ ಎಂಬಂತೆ ಮುಗಿಬಿದ್ದವು. ಹಾರ್ಡಿ ಜಗ್ಗಲಿಲ್ಲ. ನೋಡಿದ್ದನ್ನೆಲ್ಲ 1909ರಲ್ಲಿ ಪುಸ್ತಕ ಮಾಡಿದರು. ರೈತರ ಮೇಲಿನ ಕಂದಾಯದ ಹೊರೆ, ಬಿಳಿಯರು ಇಲ್ಲಿನವರನ್ನು ಕೀಳಾಗಿ ಕಾಣುವ ರೀತಿ ಎರಡೂ ಅದರಲ್ಲಿವೆ. ಹೆಂಗಸರ ಮತದ ಹಕ್ಕಿಗೆ ಹೋರಾಡಿ ಜೈಲಿಗೆ ಹೋದವರ ಬಾಯಿಗೆ ಬಲವಂತವಾಗಿ ಊಟ ತುರುಕುತ್ತಿದ್ದ ಕಾಲದಲ್ಲೂ, ಅದನ್ನು ಪಾರ್ಲಿಮೆಂಟಿನಲ್ಲಿ ಗಟ್ಟಿಯಾಗಿ ಕೇಳಿದವರು ಇವರೇ.

ಕೊನೆಯ ವರ್ಷ ಮಾತ್ರ ಓದಲು ಕಷ್ಟವಾಗುತ್ತದೆ. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಹಾರ್ಡಿ ಯುದ್ಧ ಬೇಡ ಅಂದರು. ವೇಲ್ಸ್‌ನ ಅಬರ್‌ಡೇರ್‌ನಲ್ಲಿ, ತಮ್ಮದೇ ಕ್ಷೇತ್ರದಲ್ಲಿ, ತಮಗೇ ಮತ ಹಾಕಿದ್ದ ಗಣಿ ಕಾರ್ಮಿಕರ ನಡುವೆ ಮಾತಾಡಲು ನಿಂತರೆ ಜನ ಕೂಗಿ, ಹಾಡಿ, ಬಾಯಿ ಮುಚ್ಚಿಸಿದರು. 1915ರ ಸೆಪ್ಟೆಂಬರ್ 26ರಂದು ಗ್ಲಾಸ್ಗೋದಲ್ಲಿ ತೀರಿಕೊಂಡರು. ಐವತ್ತೊಂಬತ್ತು ವರ್ಷ ಅಷ್ಟೇ. ಅವರ ಜಾಗಕ್ಕೆ ನಡೆದ ಉಪಚುನಾವಣೆಯಲ್ಲಿ ಗೆದ್ದಿದ್ದು ಯುದ್ಧದ ಪರ ಇದ್ದ ಸ್ಟ್ಯಾಂಟನ್.

ವಾಪಸು ಬರುವಾಗ ಆಕಿನ್‌ಲೆಕ್ ಹತ್ತಿರದ ಬ್ಯಾರನಿ ಗಣಿಯ ಎ-ಫ್ರೇಮ್ ನೋಡಿದೆ. ಕಾರ್ಮಿಕರನ್ನು ಕೆಳಗಿಳಿಸಿ ಮೇಲೆತ್ತುತ್ತಿದ್ದ ದೊಡ್ಡ ಉಕ್ಕಿನ ಚೌಕಟ್ಟು. 1962ರಲ್ಲಿ ಇಲ್ಲಿ ಗಣಿಯ ಬಾವಿ ಕುಸಿದು ನಾಲ್ವರು ಸತ್ತರು. 1989ರಲ್ಲಿ ಗಣಿ ಮುಚ್ಚಿತು. ಊರಿನವರು ಹಟ ಹಿಡಿದು ಚೌಕಟ್ಟನ್ನು ಉಳಿಸಿಕೊಂಡಿದ್ದಾರೆ. ನೀವು ಹೋಗುವುದಾದರೆ ಒಂದು ಇಡೀ ದಿನ ಇಟ್ಟುಕೊಳ್ಳಿ, ಮಳೆ ಅಂಗಿ ಮರೆಯಬೇಡಿ, ಬೇರ್ಡ್ ಇನ್‌ಸ್ಟಿಟ್ಯೂಟ್ ತೆರೆದಿರುವ ವೇಳೆ ಮೊದಲೇ ವಿಚಾರಿಸಿ. ನನಗಂತೂ ಮುಂದಿನ ಸಲ ವೇಲ್ಸ್‌ನ ಮರ್ಥರ್ ಟಿಡ್‌ಫಿಲ್ ಮತ್ತು ಅಬರ್‌ಡೇರ್‌ಗೆ ಹೋಗಬೇಕಿದೆ. ಅಲ್ಲಿನವರು ಹಾರ್ಡಿಯವರನ್ನು 1900ರಿಂದ ನಾಲ್ಕು ಚುನಾವಣೆಗಳಲ್ಲಿ ಗೆಲ್ಲಿಸಿದ್ದರು. ಅಂಥವರೇ ಅವರ ಮಾತಿಗೆ ಅಡ್ಡ ಹಾಕಿದ ಆ ಊರನ್ನು ನಾನು ಕಣ್ಣಾರೆ ನೋಡಬೇಕು.