ನೀರು ಚೆಲ್ಲದ ನಡೆ: ಕೆಂಟಕಿಯ ಫನ್ ಶೋಗೆ ಕ್ಲಾಸುಗಳ ಪಟ್ಟಿ ಮಾಡುವುದು

ಊರಲ್ಲಿ ಕುದುರೆ ಎಂದರೆ ಮೈಸೂರು ದಸರೆಯ ಅಶ್ವದಳ, ಇಲ್ಲವೇ ಬೆಂಗಳೂರಿನ ರೇಸ್ ಕೋರ್ಸು. ಕುಕ್ಕುಲೋಟ, ನಾಗಾಲೋಟ ಎಂಬ ಎರಡು ಮಾತಿನಲ್ಲಿ ನಮ್ಮ ಕೆಲಸ ಮುಗಿಯುತ್ತದೆ. ಅಮೆರಿಕದ ಕೆಂಟಕಿ, ಟೆನೆಸಿ, ಮಿಸೂರಿ ಕಡೆ ಇವೆರಡರ ನಡುವೆ ಇನ್ನೊಂದು ಲೋಕವೇ ಇದೆ: ಗೇಟೆಡ್ ಕುದುರೆಗಳದು (‘ಗೇಟ್’ ಎಂದರೆ ಕುದುರೆಯ ನಡೆ). ಕುಕ್ಕುಲೋಟದಲ್ಲಿ ಎದುರು-ಬದುರು ಮೂಲೆಯ ಎರಡು ಕಾಲು ಒಟ್ಟಿಗೆ ನೆಲಕ್ಕೆ ಬೀಳುತ್ತವೆ, ಅದಕ್ಕೇ ಸವಾರ ಜೀನಿನ ಮೇಲೆ ಕುಪ್ಪಳಿಸುತ್ತಾನೆ. ಗೇಟೆಡ್ ಕುದುರೆ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂದು ಒಂದೊಂದನ್ನೇ ಊರುತ್ತದೆ. ಕಿವಿಗೆ ಸರಿಯಾದ ಚತುರಶ್ರ ನಡೆ: ತ-ಕ-ಧಿ-ಮಿ. ಸವಾರ ಕುರ್ಚಿಯಲ್ಲಿ ಕೂತಂತೆ ಕೂತಿರುತ್ತಾನೆ. ರಾಜಸ್ಥಾನ, ಗುಜರಾತಿನ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳ ‘ರೇವಾಲ್’ ನೋಡಿದವರಿಗೆ ಇದು ಹೊಸದಲ್ಲ. ಈ ನಡೆಯ ಹಿಂದೆ ಡಿಎಂಆರ್‌ಟಿ3 ಎಂಬ ವಂಶವಾಹಿಯ ಒಂದು ರೂಪಾಂತರದ ಪಾತ್ರವಿದೆ ಎಂದು 2012ರಲ್ಲಿ ಐಸ್‌ಲ್ಯಾಂಡಿಕ್ ಕುದುರೆಗಳ ಮೇಲಿನ ಅಧ್ಯಯನ ತೋರಿಸಿತು.

ಇಲ್ಲಿನ ಹಳ್ಳಿಗಳ ಸವಾರಿ ಕ್ಲಬ್‌ಗಳು ಬೇಸಿಗೆಯಲ್ಲಿ ಒಂದು ದಿನದ ‘ಫನ್ ಶೋ’ ಮಾಡುತ್ತವೆ. ದೊಡ್ಡ ಚಾಂಪಿಯನ್‌ಶಿಪ್‌ನ ಬಿಗಿ ಇಲ್ಲ, ಅಂಕ ಎಲ್ಲಿಗೂ ಹೋಗುವುದಿಲ್ಲ, ಗೆದ್ದವರಿಗೆ ಒಂದು ರಿಬ್ಬನ್. ಇಲ್ಲಿ ‘ಕ್ಲಾಸು’ ಎಂದರೆ ಒಂದು ಸ್ಪರ್ಧೆ. ಒಂದೇ ತಳಿಯ ಶೋ ಆದರೆ ಕ್ಲಾಸುಗಳ ಪಟ್ಟಿ ಹಿಂದಿನ ವರ್ಷದ್ದೇ ಸಾಕು. ಎಲ್ಲ ಗೇಟೆಡ್ ತಳಿಗಳಿಗೂ ಬಾಗಿಲು ತೆರೆದ ದಿನ ತಲೆನೋವು ಶುರು.

ಮೊದಲ ತೊಡಕು ಮೈಕಿನ ಮಾತು. ಒಂದೊಂದು ತಳಿಯ ನಡೆಗೂ ಒಂದೊಂದು ಹೆಸರು. ಟೆನೆಸಿ ವಾಕರ್ ಸವಾರನಿಗೆ ‘ರನ್ನಿಂಗ್ ವಾಕ್’ ಅಂದರೆ ತಿಳಿಯುತ್ತದೆ, ಪಾಸೋ ಫೀನೋ ಸವಾರಳು ‘ಕೋರ್ಟೋ’ ಎಂಬ ಮಾತಿಗೆ ಕಾಯುತ್ತಿರುತ್ತಾಳೆ, ಐಸ್‌ಲ್ಯಾಂಡಿಕ್‌ನವರು ‘ಟೋಲ್ಟ್’ಗೆ. ‘ಟ್ರಾಟ್’ (ಕುಕ್ಕುಲೋಟ) ಎಂದು ಕೂಗಿದರಂತೂ ಮುಗಿಯಿತು, ಅರ್ಧ ಜನ ಜಡ್ಜ್ ಮುಖ ನೋಡುತ್ತ ನಿಲ್ಲುತ್ತಾರೆ. ಆದ್ದರಿಂದ ಪಟ್ಟಿಯಲ್ಲೂ ಮೈಕಿನಲ್ಲೂ ಮೂರೇ ಪದ ಇರಲಿ: ‘ವಾಕ್’, ‘ನಿಮ್ಮ ತಳಿಯ ಮಧ್ಯಮ ಗೇಟ್’, ‘ಕ್ಯಾಂಟರ್’ (ನಿಧಾನದ ನಾಗಾಲೋಟ). ಕ್ಯಾಂಟರ್ ಇರುವ ಕ್ಲಾಸು ಪ್ರತ್ಯೇಕವಾಗಿರಬೇಕು. ಗೇಟ್ ಚೆನ್ನಾಗಿರುವ ಎಷ್ಟೋ ಕುದುರೆಗಳ ಕ್ಯಾಂಟರ್ ಕೆಟ್ಟದಾಗಿರುತ್ತದೆ. ಅದನ್ನು ಕಡ್ಡಾಯ ಮಾಡಿದರೆ ಹೊಸಬರು ಹೆಸರೇ ಕೊಡುವುದಿಲ್ಲ.

ಎರಡನೆಯದು ವೇಗ. ಕ್ಲಾಸಿಕ್ ಫೀನೋ ಎಂಬ ಅತಿ ನಿಧಾನದ ನಡೆಯಲ್ಲಿ ಪಾಸೋ ಫೀನೋದ ಕಾಲು ಹೊಲಿಗೆ ಮಿಷನ್ನಿನ ಸೂಜಿಯಂತೆ ಆಡುತ್ತದೆ, ಕುದುರೆ ಮಾತ್ರ ಮುಂದೆ ಸಾಗುವುದೇ ಕಡಿಮೆ. ಟೆನೆಸಿ ವಾಕರ್‌ನ ಹಿಂಗಾಲು ಮುಂಗಾಲಿನ ಗುರುತನ್ನೂ ದಾಟಿ ಬೀಳುತ್ತದೆ. ಹೆಜ್ಜೆ ಉದ್ದ, ಪ್ರತಿ ಹೆಜ್ಜೆಗೂ ತಲೆದೂಗು. ಎರಡನ್ನೂ ಒಂದೇ ರಿಂಗಿಗೆ ಬಿಟ್ಟರೆ ವಾಕರ್‌ಗಳು ಸುತ್ತಿ ಬಂದು ಹಿಂದಿನಿಂದ ಏರುತ್ತವೆ, ಯಾವುದೋ ಒಂದು ಹೆಣ್ಣು ಕುದುರೆ ಒದೆಯುತ್ತದೆ. 100 ಅಡಿಗೆ 200 ಅಡಿಯ ರಿಂಗಿನಲ್ಲಿ 10ಕ್ಕಿಂತ ಹೆಚ್ಚು ಕುದುರೆ ಬೇಡ. ಹೆಚ್ಚಾದರೆ ಕ್ಲಾಸನ್ನು ಒಡೆಯಿರಿ: ಉದ್ದ ಹೆಜ್ಜೆಯ ವಾಕರ್, ಫಾಕ್ಸ್ ಟ್ರಾಟರ್ ಒಂದು ಕಡೆ, ಪಾಸೋ, ಪೆರೂವಿಯನ್, ರಾಕಿ ಮೌಂಟನ್, ಐಸ್‌ಲ್ಯಾಂಡಿಕ್ ಇನ್ನೊಂದು ಕಡೆ. ಕಡಿಮೆ ಇದ್ದರೆ ಸವಾರರ ವಯಸ್ಸಿನ ಮೇಲೆ ಒಡೆದರೆ ಸಾಕು. ಹಿಂದೆ ಹಾಕುವವರು ಒಳಗಿನಿಂದಲೇ, ಒಂದು ಕುದುರೆಯಷ್ಟು ಜಾಗ ಬಿಟ್ಟು ಹೋಗಬೇಕು. ಒದೆಯುವ ಕುದುರೆಯ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟುವ ರೂಢಿಯನ್ನು ಬಿಡಬೇಡಿ.

ಯಾವ ತಳಿಯ ಸರಿಯಾದ ನಡೆ ಹೇಗಿರುತ್ತದೆ ಎಂದು ಬರೆದ ಒಂದು ಪುಟದ ಹಾಳೆಯನ್ನು ಜಡ್ಜ್‌ಗೆ ಮೊದಲೇ ಕೊಡಿ, ಅವರು ಎಷ್ಟೇ ಅನುಭವಿಯಾಗಿರಲಿ. ಪೆರೂವಿಯನ್ ಪಾಸೋ ಮುಂಗಾಲನ್ನು ಈಜುವವನ ಕೈಯಂತೆ ಹೊರಕ್ಕೆ ಬೀಸುತ್ತದೆ. ‘ಟರ್ಮಿನೋ’ ಎಂಬ ಆ ಬೀಸು ಆ ತಳಿಯ ಹೆಮ್ಮೆ. ವಾಕರ್‌ಗಳನ್ನಷ್ಟೇ ನೋಡಿದ ಜಡ್ಜ್ ಅದನ್ನು ಕಾಲಿನ ದೋಷ ಎಂದು ಬರೆದುಕೊಳ್ಳಬಹುದು. ಫಾಕ್ಸ್ ಟ್ರಾಟ್‌ನಲ್ಲಿ ನಾಲ್ಕು ಸದ್ದೂ ಸಮವಾಗಿರುವುದಿಲ್ಲ. ಮೂಲೆಯ ಜೋಡಿಯಲ್ಲಿ ಮುಂಗಾಲು ಚೂರು ಮೊದಲು ಬಿದ್ದು ‘ತಕ… ಧಿಮಿ…’ ಎಂದು ಎರಡೆರಡಾಗಿ ಕೇಳುತ್ತದೆ. ಅದು ಅದರ ಸರಿಯಾದ ನಡೆ, ತಾಳ ತಪ್ಪಿದ್ದಲ್ಲ. ಒಂದೇ ಬದಿಯ ಎರಡೂ ಕಾಲು ಒಟ್ಟಿಗೆ ಬಿದ್ದು ಸವಾರ ದೋಣಿಯಲ್ಲಿ ಕೂತಂತೆ ಅತ್ತಿತ್ತ ವಾಲಿದರೆ ಅದು ‘ಪೇಸ್’, ಅಂಕ ಕಡಿತ. ಅನುಮಾನ ಬಂದರೆ ಪಾಸೋ ಶೋಗಳ ಉಪಾಯ ಎರವಲು ಪಡೆಯಿರಿ: ನೆಲಕ್ಕೆ ಹಲಗೆ ಹಾಸಿ, ಒಂದೊಂದೇ ಕುದುರೆಯನ್ನು ಅದರ ಮೇಲೆ ದಾಟಿಸಿ, ಕಣ್ಣು ಮುಚ್ಚಿ ಕೇಳಿ. ಕಣ್ಣಿಗೆ ಮೋಸವಾದರೂ ಹಲಗೆ ಸುಳ್ಳು ಹೇಳುವುದಿಲ್ಲ.

ದಿನದ ಲೆಕ್ಕ ಹೀಗೆ. ಎಂಟು ಕುದುರೆಯ ಕ್ಲಾಸು, ಒಳಬರುವುದರಿಂದ ರಿಬ್ಬನ್ ಕೊಡುವವರೆಗೆ 10 ನಿಮಿಷ. 20 ಕ್ಲಾಸಿಗೆ 200 ನಿಮಿಷ. ಜೀನು ಬದಲಿಸಲು ಬಿಡುವು, ಊಟ, ಸಣ್ಣಪುಟ್ಟ ತಡ ಸೇರಿ ಐದು ಗಂಟೆ. ಬೆಳಿಗ್ಗೆ 10ಕ್ಕೆ ಶುರುವಾದರೆ ಮಧ್ಯಾಹ್ನ 3ಕ್ಕೆ ಮುಗಿಯುತ್ತದೆ. 30 ಕ್ಲಾಸು ಹಾಕುವ ಆಸೆಗೆ ಬಿದ್ದರೆ ಕೊನೆಯ ಹತ್ತು ಕ್ಲಾಸಿಗೆ ಮೂರು ಮೂರು ಕುದುರೆ ಉಳಿಯುತ್ತವೆ, ಉಳಿದವರು ಟ್ರೇಲರ್ ಹತ್ತಿ ಹೊರಟಿರುತ್ತಾರೆ. ಪುಟ್ಟ ಮಕ್ಕಳ ‘ಲೀಡ್ ಲೈನ್’ (ದೊಡ್ಡವರು ಹಗ್ಗ ಹಿಡಿದು ನಡೆಸುವುದು) ಬೆಳಗಿನ ಮೂರನೆಯದೋ ನಾಲ್ಕನೆಯದೋ ಆಗಿರಲಿ. ಊಟದ ಹೊತ್ತಿಗೆ ಮಕ್ಕಳು ಅಳುತ್ತಾರೆ. ವೇಷಭೂಷಣದ ಕ್ಲಾಸು ಊಟ ಮುಗಿದ ಕೂಡಲೇ. ಹಾರುವ ಬಟ್ಟೆಗೆ ಬೆದರುವ ಕುದುರೆಗಳು ಆಗ ರಿಂಗಿನ ಹತ್ತಿರ ಇರುವುದಿಲ್ಲ. ಕಂಬ ಸುತ್ತುವ ಓಟದಂಥವು ಕೊನೆಗೆ. ನೆಲ ಕಿತ್ತುಹೋದರೂ, ಕುದುರೆ ಬಿಸಿಯೇರಿದರೂ ಆಮೇಲೆ ಯಾರಿಗೂ ತೊಂದರೆಯಿಲ್ಲ.

ಜನ ಕಾಯುವುದು ನೀರಿನ ಲೋಟದ ಕ್ಲಾಸಿಗೆ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ತುಂಬಿದ ಲೋಟ. ವಾಕ್, ಗೇಟ್, ದಿಕ್ಕು ಬದಲಿಸಿ ಮತ್ತೆ ವಾಕ್, ಗೇಟ್. ಕೊನೆಗೆ ಯಾರ ಲೋಟದಲ್ಲಿ ಹೆಚ್ಚು ನೀರು ಉಳಿದಿದೆಯೋ ಅವರು ಗೆದ್ದಂತೆ. ಸರಳವಾಗಿ ಕಾಣುತ್ತದೆ, ಜಗಳ ಹೆಚ್ಚು ಆಗುವುದೂ ಇದರಲ್ಲೇ. ಕಾಗದದ ಲೋಟ ಕೊಟ್ಟರೆ ಹಿಡಿತಕ್ಕೆ ಅಮುಕಿ ನೀರು ಚೆಲ್ಲುತ್ತದೆ. ಗಾಜು ಬಿದ್ದರೆ ಗೊರಸಿಗೆ ಅಪಾಯ. ಒಂದೇ ಅಳತೆಯ ಗಟ್ಟಿ ಪ್ಲಾಸ್ಟಿಕ್ ಲೋಟ ತನ್ನಿ, ಒಳಗೆ ಅಂಚಿನಿಂದ ಒಂದು ಬೆರಳು ಕೆಳಗೆ ಗೆರೆ ಎಳೆದು ಅಲ್ಲಿಯವರೆಗೆ ತುಂಬಿ. ಸವಾರ ಜೀನು ಹತ್ತಿ ಕೂತ ಮೇಲೆ ಕೈಗೆ ಕೊಡಿ. ತೋಳು ಮೈಗೆ ತಾಗುವಂತಿಲ್ಲ, ಲೋಟದ ಬಾಯಿಗೆ ಬೆರಳು ಅಡ್ಡ ಇಡುವಂತಿಲ್ಲ. ಜಾಣರು ಗೇಟ್ ಎಂದಾಗಲೂ ಬಸವನಹುಳುವಿನಂತೆ ತೆವಳುತ್ತಾರೆ. ಅದಕ್ಕೆ ‘ಗೇಟ್ ಬಿಟ್ಟು ವಾಕ್‌ಗೆ ಇಳಿದವರು ಹೊರಗೆ’ ಎಂದು ಪಟ್ಟಿಯಲ್ಲೇ ಅಚ್ಚು ಹಾಕಿಸಿ. ಉಳಿದ ನೀರನ್ನು ಕಣ್ಣಳತೆಯಲ್ಲಿ ತೀರ್ಮಾನಿಸದೆ ಅಡುಗೆಮನೆಯ ಅಳತೆ ಜಗ್ಗಿಗೆ ಸುರಿದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಿರಿ.

ಅಡೆತಡೆಯ ಕ್ಲಾಸನ್ನು ದೊಡ್ಡ ರಿಂಗಿನಲ್ಲಿ ಇಡಬೇಡಿ. ಕಂಬ, ಸೇತುವೆ ಹೊತ್ತು ತಂದು ಜೋಡಿಸಲು, ತೆಗೆಯಲು ಅರ್ಧ ಗಂಟೆ ಹೋಗುತ್ತದೆ. ಪಕ್ಕದ ಬೇಲಿಯೊಳಗೆ ದಿನವಿಡೀ ತೆರೆದಿಟ್ಟು, ಬಿಡುವಾದವರು ಬಂದು ಮುಗಿಸಿಕೊಂಡು ಹೋಗಲಿ. ಮರದ ಸೇತುವೆ 3 ಅಡಿ ಅಗಲ, 6 ಅಡಿ ಉದ್ದ ಸಾಕು. ನೆಲದ ಕಂಬಗಳನ್ನು ವಾಕ್‌ನಲ್ಲಷ್ಟೇ ದಾಟಿಸಿ, ಮಧ್ಯೆ 20ರಿಂದ 24 ಇಂಚು ಬಿಡಿ. ಗೇಟ್‌ನಲ್ಲೇ ದಾಟಿ ಎಂದು ಹೇಳಬೇಡಿ: ಕಾಲು ಎತ್ತಿ ಇಡಬೇಕಾದಾಗ ಕುದುರೆ ನಾಲ್ಕು ಸದ್ದು ಬಿಟ್ಟು ಕುಕ್ಕುಲೋಟದ ಕಡೆ ಜಾರುತ್ತದೆ. ರಿಂಗಿನ ಮರಳು ಆಳವಾದರೂ ಇದೇ ಕಥೆ. ತೀರಾ ಗಟ್ಟಿ ನೆಲವಾದರೆ ಉಲ್ಟಾ, ಪೇಸ್ ಕಡೆ ವಾಲುತ್ತದೆ. ಮೆತ್ತನೆಯ ಮೇಲ್ಪದರ ಎರಡು ಇಂಚು ಇರಲಿ.

ಕಾಗದಪತ್ರದಲ್ಲಿ ಸಡಿಲ ಬೇಡ. ಒಳಗೆ ಬಿಡುವಾಗಲೇ ಪ್ರತಿ ಕುದುರೆಯ ‘ಕಾಗಿನ್ಸ್’ ನೆಗೆಟಿವ್ ವರದಿ ನೋಡಿ. ಕಚ್ಚುವ ನೊಣಗಳಿಂದ ಹರಡುವ, ವಾಸಿಯಾಗದ ರಕ್ತಹೀನತೆ ರೋಗದ ಪರೀಕ್ಷೆ ಅದು. ಕುದುರೆ ಚಟುವಟಿಕೆಯ ಅಪಾಯದ ಬಗ್ಗೆ ರಾಜ್ಯದ ಕಾನೂನು ಹೇಳುವ ಎಚ್ಚರಿಕೆ ಫಲಕ ಪ್ರವೇಶದ್ವಾರದಲ್ಲಿರಲಿ. 18ರೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ ಮಾಡಿ. ಕಾಲು ಎತ್ತರಕ್ಕೆ ಎಸೆಯಲೆಂದು ಕುದುರೆಗೆ ಬೇಕಂತಲೇ ನೋವು ಕೊಡುವ ‘ಸೋರಿಂಗ್’ ವಿರುದ್ಧ 1970ರಿಂದ ಕೇಂದ್ರ ಕಾನೂನಿದೆ, ಆಯೋಜಕರ ಮೇಲೂ ಹೊಣೆಯಿದೆ. ಪಟ್ಟಿಯ ಮೊದಲ ಸಾಲಿನಲ್ಲೇ ‘ಬರಿಗೊರಸು ಅಥವಾ ಸಾದಾ ಲಾಳ ಮಾತ್ರ, ಗೊರಸಿಗೆ ಪ್ಯಾಡ್, ಕಾಲಿಗೆ ಸರಪಳಿ ಇಲ್ಲ’ ಎಂದು ಬರೆದರೆ ಬರಬಾರದವರು ಮನೆಯಲ್ಲೇ ಉಳಿಯುತ್ತಾರೆ.

ಹಣ: ಕ್ಲಾಸಿಗೆ 7 ಡಾಲರ್, ಇಡೀ ದಿನಕ್ಕೆ 35 ಎಂದು ಇಟ್ಟುಕೊಳ್ಳಿ. 20 ಕ್ಲಾಸು, ತಲಾ ಆರು ಜನ, ಎಲ್ಲರೂ ಬಿಡಿಯಾಗಿ ಕೊಟ್ಟರೂ 840 ಡಾಲರ್. ಜಡ್ಜ್, ವಿಮೆ, ರಿಬ್ಬನ್ ಕಳೆದರೆ ಮಿಗುವುದು ಅಷ್ಟಕ್ಕಷ್ಟೇ. ರಿಬ್ಬನ್ ಆರನೇ ಸ್ಥಾನದವರೆಗೆ: ನೀಲಿ, ಕೆಂಪು, ಹಳದಿ, ಬಿಳಿ, ಗುಲಾಬಿ, ಹಸಿರು. ಒಟ್ಟು 120. ಅವುಗಳ ಮೇಲೆ ವರ್ಷ ಅಚ್ಚು ಹಾಕಿಸಬೇಡಿ, ಉಳಿದದ್ದು ಮುಂದಿನ ಸಲಕ್ಕೆ ಬರುತ್ತದೆ. ಲೀಡ್ ಲೈನ್ ಮಕ್ಕಳಿಗೆ ಮಾತ್ರ ಎಲ್ಲರಿಗೂ ನೀಲಿಯೇ. ಆ ಕ್ಲಾಸಿಗೆಂದು ಒಂದು ಡಜನ್ ನೀಲಿ ಹೆಚ್ಚು ತರಿಸಿಡಿ.